ವಿಮಾನದೊಳಗಿನ ಗಾಳಿ: ಕ್ಯಾಬಿನ್ ಪ್ರೆಶರೈಸೇಶನ್ ಅರ್ಥ ಮಾಡಿಕೊಳ್ಳೋಣ

ನಮ್ಮ ವಿಜ್ಞಾನ ವಿಭಾಗದಲ್ಲಿ ಪ್ರತಿ ವರ್ಷ ಒಬ್ಬಿಬ್ಬರಾದರೂ “ಸರ್, ಪೈಲಟ್ ಆಗಬೇಕು, ಏನು ಓದಬೇಕು?” ಎಂದು ಕೇಳಿಕೊಂಡು ಬರುತ್ತಾರೆ. ಈಚೆಗೆ ಹೀಗೆ ಬರುವವರಲ್ಲಿ ವಿದ್ಯಾರ್ಥಿನಿಯರೂ ಇದ್ದಾರೆ, ಅದು ಸಂತೋಷದ ವಿಷಯ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗಳನ್ನು ಬರೆಯಬೇಕು. ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ಹೀಗೆ ಬೇರೆಬೇರೆ ಪತ್ರಿಕೆಗಳು. ಪಾಸಾಗಲು ನೂರಕ್ಕೆ 70 ಅಂಕ ಬೇಕು, ನಮ್ಮ ಬೋರ್ಡ್ ಪರೀಕ್ಷೆಗಿಂತ ಬಹಳ ಹೆಚ್ಚು.

ಟೆಕ್ನಿಕಲ್ ಪತ್ರಿಕೆಯ ಒಂದು ಅಧ್ಯಾಯ ಕ್ಯಾಬಿನ್ ಪ್ರೆಶರೈಸೇಶನ್. ಇದನ್ನು ಹೆಚ್ಚಿನವರು ಉರು ಹೊಡೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ತರಬೇತಿ ಶಾಲೆಗಳಲ್ಲಿ ಮೊದಲು ಹಾರಿಸಲು ಕೊಡುವ ಸೆಸ್ನಾ 152, 172ರಂಥ ಪುಟ್ಟ ವಿಮಾನಗಳಲ್ಲಿ ಈ ವ್ಯವಸ್ಥೆ ಇರುವುದೇ ಇಲ್ಲ. ಕಣ್ಣಿಂದ ನೋಡದ ಯಂತ್ರದ ಬಗ್ಗೆ ಪ್ರಶ್ನೆ ಬಂದರೆ ನೆನಪೊಂದೇ ಗತಿ. ಆದರೆ ಪ್ರಥಮ ಪಿಯುಸಿಯ ಭೌತಶಾಸ್ತ್ರವನ್ನೂ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರವನ್ನೂ ಸರಿಯಾಗಿ ಓದಿದವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಹೊರಗಿನ ಒತ್ತಡ, ಒಳಗಿನ ಒತ್ತಡ, ಎರಡರ ನಡುವಿನ ವ್ಯತ್ಯಾಸ ಎಂಬ ಮೂರು ಸಂಖ್ಯೆಗಳ ಸಂಬಂಧ ತಿಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ಮೇಲೆ ಆಮ್ಲಜನಕ ಕಡಿಮೆಯೇ?

“ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣ ಕಡಿಮೆಯಾಗುತ್ತದೆ, ಸರಿಯೋ ತಪ್ಪೋ?” ಎಂದರೆ ತರಗತಿಯಲ್ಲಿ ಹೆಚ್ಚು ಕೈಗಳು “ಸರಿ” ಎನ್ನುವ ಕಡೆಗೇ ಏಳುತ್ತವೆ. ಅದು ತಪ್ಪು. ಮಂಗಳೂರಿನ ಕಡಲತೀರದಲ್ಲಿಯೂ 35,000 ಅಡಿ ಎತ್ತರದಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಒಟ್ಟು ಒತ್ತಡ.

ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೊಪಾಸ್ಕಲ್. ವಿಮಾನದವರ ಭಾಷೆಯಲ್ಲಿ ಚದರ ಇಂಚಿಗೆ 14.7 ಪೌಂಡ್, ಅಂದರೆ 14.7 ಪಿಎಸ್ಐ. 18,000 ಅಡಿಗೆ ಹೋಗುವಷ್ಟರಲ್ಲಿ ಇದು ಸರಿಸುಮಾರು ಅರ್ಧವಾಗುತ್ತದೆ. 35,000 ಅಡಿಯಲ್ಲಿ ಉಳಿಯುವುದು 238 ಹೆಕ್ಟೊಪಾಸ್ಕಲ್, 3.46 ಪಿಎಸ್ಐ, ಕಾಲುಭಾಗಕ್ಕಿಂತಲೂ ಕಡಿಮೆ. 18,000 ಅಡಿ ಎಂದರೆ ಅರ್ಧ ಎಂಬುದನ್ನು ಮಾತ್ರ ಬಾಯಿಪಾಠ ಮಾಡಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಹಲವು ಉತ್ತರಗಳನ್ನು ಅದರಿಂದಲೇ ಅಂದಾಜು ಮಾಡಬಹುದು.

ಈಗ ಡಾಲ್ಟನ್ನನ ನಿಯಮ. ಸಮುದ್ರಮಟ್ಟದಲ್ಲಿ ಆಮ್ಲಜನಕದ ಆಂಶಿಕ ಒತ್ತಡ 1013ರ ಶೇಕಡಾ 21, ಅಂದರೆ ಸುಮಾರು 213 ಹೆಕ್ಟೊಪಾಸ್ಕಲ್. 35,000 ಅಡಿಯಲ್ಲಿ 238ರ ಶೇಕಡಾ 21, ಅಂದರೆ ಸುಮಾರು 50. ಇಷ್ಟಕ್ಕೇ ನಿಲ್ಲಿಸಬೇಡಿ. ಮೂಗಿನೊಳಗೆ ಹೋದ ಗಾಳಿ ಶ್ವಾಸಕೋಶ ತಲುಪುವ ಹೊತ್ತಿಗೆ ಒದ್ದೆಯಾಗಿರುತ್ತದೆ. ದೇಹದ ಉಷ್ಣತೆಯಲ್ಲಿ ನೀರಾವಿಯ ಒತ್ತಡ 63 ಹೆಕ್ಟೊಪಾಸ್ಕಲ್. ನೀವು ಎಷ್ಟೇ ಎತ್ತರದಲ್ಲಿದ್ದರೂ ಅದು ತನ್ನ ಪಾಲು ತೆಗೆದುಕೊಂಡೇ ತೀರುತ್ತದೆ. 238ರಲ್ಲಿ 63 ಕಳೆದರೆ 175, ಅದರ ಶೇಕಡಾ 21 ಸುಮಾರು 37. ಇಂಗಾಲದ ಡೈಆಕ್ಸೈಡ್ ಕೂಡ ಜಾಗ ಹಿಡಿಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ.

ಆದರೆ ದೇಹವನ್ನೆಲ್ಲ ಸುತ್ತಿ ಶ್ವಾಸಕೋಶಕ್ಕೆ ಮರಳುವ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 53 ಹೆಕ್ಟೊಪಾಸ್ಕಲ್ ಇರುತ್ತದೆ. ನೀರು ತಗ್ಗಿನ ಕಡೆಗೆ ಹರಿಯುವಂತೆ ಅನಿಲವೂ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡಕ್ಕೆ ಹರಿಯುತ್ತದೆ. ಹಾಗಾದರೆ 35,000 ಅಡಿಯಲ್ಲಿ ಬರಿಯ ಗಾಳಿ ಉಸಿರಾಡುವವನ ದೇಹದಲ್ಲಿ ಆಮ್ಲಜನಕ ಯಾವ ಕಡೆಗೆ ಹರಿಯುತ್ತದೆ? ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಹೊರಕ್ಕೆ. ಒಂದೊಂದು ಉಸಿರೂ ರಕ್ತದಲ್ಲಿ ಇದ್ದಬದ್ದ ಆಮ್ಲಜನಕವನ್ನು ಹೊರಗೆ ಹಾಕುತ್ತದೆ. “ನಾನು ಎರಡು ನಿಮಿಷ ಉಸಿರು ಕಟ್ಟಬಲ್ಲೆ, ನನಗೇನೂ ಆಗದು” ಎನ್ನುವವರಿಗೆ ಇದೇ ಉತ್ತರ. ಉಸಿರು ಕಟ್ಟಿ ನೀರಲ್ಲಿ ಮುಳುಗುವುದೂ ಇದೂ ಒಂದೇ ಅಲ್ಲ.

ಇಲ್ಲಿಂದಲೇ “ಟೈಮ್ ಆಫ್ ಯೂಸ್‌ಫುಲ್ ಕಾನ್ಷಿಯಸ್‌ನೆಸ್” ಎಂಬ ಅಳತೆ ಬರುತ್ತದೆ. ಆಮ್ಲಜನಕ ತಪ್ಪಿದ ಮೇಲೆ ಮನುಷ್ಯ ಸರಿಯಾಗಿ ಯೋಚಿಸಿ ಕೈಯಾಡಿಸಬಲ್ಲ ಅವಧಿ ಇದು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವ ಅಂಕಿಗಳು ಹೀಗಿವೆ: 25,000 ಅಡಿಯಲ್ಲಿ 3ರಿಂದ 5 ನಿಮಿಷ, 30,000ದಲ್ಲಿ 1ರಿಂದ 2 ನಿಮಿಷ, 35,000ದಲ್ಲಿ 30ರಿಂದ 60 ಸೆಕೆಂಡು, 40,000ದಲ್ಲಿ 15ರಿಂದ 20 ಸೆಕೆಂಡು. ಒತ್ತಡ ಒಮ್ಮೆಲೇ ಹೋದರೆ ಇದೂ ಅರ್ಧಕ್ಕಿಳಿಯಬಹುದು. ಪ್ರಜ್ಞೆ ತಪ್ಪುವುದಕ್ಕಿಂತ ಮೊದಲೇ ವಿವೇಚನೆ ತಪ್ಪುತ್ತದೆ ಎಂಬುದನ್ನು ಗಮನಿಸಿ. ಹೈಪಾಕ್ಸಿಯಾ ಆದವನಿಗೆ ನೋವಿರುವುದಿಲ್ಲ. ಎಷ್ಟೋ ಸಲ ಖುಷಿಯಾಗಿಯೇ ಇರುತ್ತಾನೆ, ಎಲ್ಲವೂ ಸರಿಯಾಗಿದೆ ಅಂದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಇಂಥ ಸಂಸ್ಥೆಗಳ ಒತ್ತಡ ಇಳಿಸುವ ಕೋಣೆಗಳಲ್ಲಿ ಪೈಲಟ್‌ಗಳನ್ನು ಕೂರಿಸಿ, ತಮ್ಮ ತಮ್ಮ ದೇಹದಲ್ಲಿ ಹೈಪಾಕ್ಸಿಯಾದ ಮೊದಲ ಲಕ್ಷಣ ಯಾವುದೆಂದು ಗುರುತಿಸಲು ಕಲಿಸುತ್ತಾರೆ. ಚಿಕ್ಕ ಕಳೆಯುವ ಲೆಕ್ಕ ಕೊಟ್ಟರೆ ಸರಿಯಾಗಿ ಮಾಡುತ್ತಿದ್ದೇನೆ ಎಂಬ ಧೈರ್ಯದಲ್ಲೇ ತಪ್ಪು ತಪ್ಪು ಬರೆಯುತ್ತಾ ಹೋಗುವುದು ಅಲ್ಲಿ ಹೊಸದೇನಲ್ಲ.

ತೂತಿರುವ ಟ್ಯಾಂಕು

ಬಲೂನಿಗೆ ಗಾಳಿ ತುಂಬಿ ಗಂಟು ಹಾಕಿದಂತೆ ವಿಮಾನದಲ್ಲಿ ಗಾಳಿ ತುಂಬಿ ಮುಚ್ಚಿರುತ್ತಾರೆ ಎಂದು ಕೆಲವರು ಭಾವಿಸುತ್ತಾರೆ. ಹಾಗಿದ್ದರೆ ಒಳಗಿರುವ ನೂರೆಂಬತ್ತು ಜನರ ಉಸಿರಿನಿಂದ ಗಾಳಿ ಕೆಟ್ಟುಹೋಗುತ್ತಿತ್ತು. ಸರಿಯಾದ ಹೋಲಿಕೆ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕು. ಮೇಲಿನ ಪೈಪಿನಿಂದ ನೀರು ಒಂದೇ ಸಮನೆ ಬೀಳುತ್ತಿದೆ, ಕೆಳಗಿನ ನಲ್ಲಿ ಸ್ವಲ್ಪ ತೆರೆದಿದೆ ಎಂದುಕೊಳ್ಳಿ. ನಲ್ಲಿ ತುಸು ಮುಚ್ಚಿದರೆ ನೀರಿನ ಮಟ್ಟ ಏರುತ್ತದೆ, ತೆರೆದರೆ ಇಳಿಯುತ್ತದೆ. ಮಟ್ಟವನ್ನು ನಿರ್ಧರಿಸುವುದು ಕೆಳಗಿನ ನಲ್ಲಿ.

ವಿಮಾನದಲ್ಲಿ ಮೇಲಿನ ಪೈಪು ಎಂದರೆ ಎಂಜಿನ್. ಜೆಟ್ ಎಂಜಿನ್ನಿನ ಕಂಪ್ರೆಸರ್ ಗಾಳಿಯನ್ನು ಹೇಗೂ ಒತ್ತುತ್ತಿರುತ್ತದೆ. ಉರಿಯುವ ಕೋಣೆಗೆ ಹೋಗುವ ಮೊದಲೇ ಅದರಲ್ಲಿ ಒಂದು ಪಾಲನ್ನು ಕದ್ದುಕೊಳ್ಳುತ್ತಾರೆ. ಇದೇ ಬ್ಲೀಡ್ ಏರ್. ಅದು ವಿಪರೀತ ಬಿಸಿಯಾಗಿರುವುದರಿಂದ ಏರ್ ಕಂಡೀಷನಿಂಗ್ ಪ್ಯಾಕ್‌ಗಳಲ್ಲಿ ತಣಿಸಿ ಕ್ಯಾಬಿನ್ನಿಗೆ ಬಿಡುತ್ತಾರೆ. ಕೆಳಗಿನ ನಲ್ಲಿ ಎಂದರೆ ಔಟ್‌ಫ್ಲೋ ವಾಲ್ವ್, ಸಾಮಾನ್ಯವಾಗಿ ವಿಮಾನದ ಹಿಂಭಾಗದ ಕೆಳಗಡೆ ಇರುವ ಬಾಗಿಲು. ಒಳಬರುವ ಗಾಳಿ ಹೆಚ್ಚುಕಡಿಮೆ ಒಂದೇ ಸಮ, ಹೊರಹೋಗುವುದನ್ನು ಮಾತ್ರ ಕಂಟ್ರೋಲರ್ ಹಿಡಿತದಲ್ಲಿಡುತ್ತದೆ. ಹಾಗಾಗಿ “ಕ್ಯಾಬಿನ್ ಒತ್ತಡವನ್ನು ಯಾವುದು ನಿಯಂತ್ರಿಸುತ್ತದೆ?” ಎಂದರೆ ಎಂಜಿನ್ನೂ ಅಲ್ಲ, ಪ್ಯಾಕೂ ಅಲ್ಲ, ಔಟ್‌ಫ್ಲೋ ವಾಲ್ವ್. “ಸಮಮಟ್ಟದ ಹಾರಾಟದಲ್ಲಿ ಅದು ಯಾವ ಸ್ಥಿತಿಯಲ್ಲಿರುತ್ತದೆ?” ಎಂದರೆ ಅರೆತೆರೆದ ಸ್ಥಿತಿಯಲ್ಲಿ. ಪೂರ್ತಿ ಮುಚ್ಚಿದೆ ಎಂಬ ಆಯ್ಕೆ ನೋಡಿ ಮೋಸ ಹೋಗಬೇಡಿ. ಬೋಯಿಂಗ್ 787 ಮಾತ್ರ ಇದಕ್ಕೆ ಅಪವಾದ, ಅದರಲ್ಲಿ ಎಂಜಿನ್ನಿನಿಂದ ಗಾಳಿ ಕದಿಯದೆ ವಿದ್ಯುತ್ ಕಂಪ್ರೆಸರ್‌ಗಳಿಂದ ಒಳಗೆ ತಳ್ಳುತ್ತಾರೆ. ಆದರೆ ಅಲ್ಲಿಯೂ ಒತ್ತಡದ ಹಿಡಿತ ಔಟ್‌ಫ್ಲೋ ವಾಲ್ವ್‌ನದ್ದೇ.

ಒಳಗಿನ ಒತ್ತಡ ಯಾವ ಎತ್ತರದ ಒತ್ತಡಕ್ಕೆ ಸಮವೋ ಅದನ್ನು ಕ್ಯಾಬಿನ್ ಆಲ್ಟಿಟ್ಯೂಡ್ ಎನ್ನುತ್ತಾರೆ. ಸಾಮಾನ್ಯ ಹಾರಾಟದಲ್ಲಿ ಅದು 8,000 ಅಡಿ ಮೀರಬಾರದೆಂಬುದು ನಿಯಮ. 8,000 ಅಡಿ ಎಂದರೆ ಊಟಿಯ ದೊಡ್ಡಬೆಟ್ಟದ ತುದಿಗಿಂತ ತುಸು ಕೆಳಗೆ. 787ರಲ್ಲಿ ಇದನ್ನು ಸುಮಾರು 6,000 ಅಡಿಗೆ ಇಳಿಸಿದ್ದಾರೆ, ನಮ್ಮ ಮುಳ್ಳಯ್ಯನಗಿರಿಯ ಎತ್ತರಕ್ಕೆ ಹತ್ತಿರ. ದುಬೈಗೋ ದಮ್ಮಾಮ್‌ಗೋ ಹೋಗುವ ನಿಮ್ಮ ಮಾವ, ಕಾಕಾ ಮೂರ್ನಾಲ್ಕು ಗಂಟೆ ಬೆಟ್ಟದ ಮೇಲೆ ಕುಳಿತೇ ಪ್ರಯಾಣ ಮಾಡಿರುತ್ತಾರೆ, ಅವರಿಗದು ಗೊತ್ತಿರುವುದಿಲ್ಲ ಅಷ್ಟೆ.

ಮಂಗಳೂರಿನ ಒತ್ತಡವನ್ನೇ ಒಳಗೆ ಇಟ್ಟುಕೊಳ್ಳಬಹುದಲ್ಲ, ಬೆಟ್ಟದ ಮಟ್ಟಕ್ಕೆ ಏಕೆ ಇಳಿಸಬೇಕು? ವಿಮಾನದ ಮೈ ಅದನ್ನು ತಾಳಬೇಕಲ್ಲ, ಅದಕ್ಕೆ.

ಮೂರನೆಯ ಸಂಖ್ಯೆ

ಒಳಗಿನ ಒತ್ತಡದಿಂದ ಹೊರಗಿನದನ್ನು ಕಳೆದರೆ ಸಿಗುವುದು ಡಿಫರೆನ್ಷಿಯಲ್ ಪ್ರೆಶರ್. ಪ್ರತಿಯೊಂದು ವಿಮಾನಕ್ಕೂ ಇದಕ್ಕೊಂದು ಮಿತಿ ಇರುತ್ತದೆ. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಇದು ಸುಮಾರು 8 ಪಿಎಸ್ಐ. ನಮ್ಮ ಲೆಕ್ಕಕ್ಕೆ ನೇರವಾಗಿ 8 ಎಂದೇ ಇಟ್ಟುಕೊಳ್ಳೋಣ.

ವಿಮಾನ 35,000 ಅಡಿಯಲ್ಲಿದೆ, ಹೊರಗೆ 3.46. ಮಿತಿಯಷ್ಟು ಸೇರಿಸಿದರೆ ಒಳಗೆ 11.46. ಒತ್ತಡದ ಪಟ್ಟಿಯಲ್ಲಿ 6,000 ಅಡಿಗೆ 11.78, 7,000 ಅಡಿಗೆ 11.34 ಇರುತ್ತದೆ. ಆದ್ದರಿಂದ ಕ್ಯಾಬಿನ್ ಆಲ್ಟಿಟ್ಯೂಡ್ ಸುಮಾರು 6,700 ಅಡಿ. ಅದೇ ವಿಮಾನ 39,000 ಅಡಿಗೆ ಏರಿದರೆ ಹೊರಗೆ 2.85, ಒಳಗೆ ಹೆಚ್ಚೆಂದರೆ 10.85, ಅಂದರೆ ಕ್ಯಾಬಿನ್ 8,000 ದಾಟುತ್ತದೆ. ಮಿತಿ ಮುಟ್ಟಿದ ಮೇಲೂ ವಿಮಾನ ಏರುತ್ತಲೇ ಇದ್ದರೆ ಕ್ಯಾಬಿನ್ ಕೂಡ ಅದರ ಜೊತೆ ಏರಲೇಬೇಕು ಎಂಬುದು ಇದರಿಂದ ತಿಳಿಯುತ್ತದೆ. ತಿರುಗಿಸಿ ಕೇಳಿದರೆ: ಕ್ಯಾಬಿನ್ನನ್ನು ಸಮುದ್ರಮಟ್ಟದಲ್ಲೇ ಇಟ್ಟುಕೊಂಡು ಎಷ್ಟು ಎತ್ತರ ಹೋಗಬಹುದು? 14.7ರಲ್ಲಿ 8 ಕಳೆದರೆ 6.7. ಅಷ್ಟು ಒತ್ತಡವಿರುವುದು ಸುಮಾರು 20,000 ಅಡಿಯಲ್ಲಿ. ಅಲ್ಲಿಗೇ ಮಿತಿ ಮುಗಿಯಿತು.

8 ಪಿಎಸ್ಐ ಎಂದರೆ ಬಹಳವೇನಲ್ಲ ಅನಿಸಬಹುದು, ಕಾರಿನ ಟಯರಿಗೆ ಅದರ ನಾಲ್ಕುಪಟ್ಟು ಹಾಕುತ್ತೇವೆ. ಆದರೆ ಬಲ ಎಂದರೆ ಒತ್ತಡ ಗುಣಿಸು ವಿಸ್ತೀರ್ಣ. 8 ಪಿಎಸ್ಐ ಸುಮಾರು 55,000 ಪಾಸ್ಕಲ್. ಒಂದು ಮೀಟರ್ ಅಗಲ, 1.8 ಮೀಟರ್ ಎತ್ತರದ ಬಾಗಿಲಿನ ಮೇಲೆ ಬೀಳುವ ಬಲ 99,000 ನ್ಯೂಟನ್, ಹತ್ತು ಟನ್ ತೂಕದಷ್ಟು. ವಿಮಾನದ ಬಾಗಿಲುಗಳು ಹೆಚ್ಚಾಗಿ ಬಾಟಲಿಯ ಬಿರಡೆಯಂತೆ ಒಳಗಿನಿಂದ ಕೂರುತ್ತವೆ. ತೆರೆಯಬೇಕಾದರೆ ಮೊದಲು ಈ ಒತ್ತಡದ ಎದುರು ಸರಿಯಬೇಕು. 35,000 ಅಡಿಯಲ್ಲಿ ಯಾರೋ ಬಾಗಿಲು ತೆರೆದುಬಿಟ್ಟರೆ ಎಂಬ ಭಯಕ್ಕೆ ಈ ಗುಣಾಕಾರವೇ ಉತ್ತರ. ಹಾಗಾದರೆ 2023ರ ಮೇ 26ರಂದು ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಏಷಿಯಾನಾ ವಿಮಾನದ ಬಾಗಿಲನ್ನು ಪ್ರಯಾಣಿಕನೊಬ್ಬ ತೆರೆದದ್ದು ಹೇಗೆ? ಆಗ ವಿಮಾನ ನೆಲದಿಂದ ಸುಮಾರು 700 ಅಡಿ ಮೇಲಿತ್ತು. ಇಳಿಯುವ ಹೊತ್ತಿಗೆ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮವಾಗಿರುತ್ತದೆ. ವ್ಯತ್ಯಾಸ ಸೊನ್ನೆಯ ಹತ್ತಿರ ಬಂದರೆ ಬಲವೂ ಸೊನ್ನೆಯ ಹತ್ತಿರ.

ಈ ಬಲ ಒಂದು ಸಲ ಬಂದು ಹೋಗುವುದಲ್ಲ. ಪ್ರತಿ ಹಾರಾಟದಲ್ಲಿ ವಿಮಾನದ ಮೈ ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ತುಂಡಾಗುವಂತೆ ಲೋಹವೂ ದಣಿಯುತ್ತದೆ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ ಕಾಮೆಟ್ 1952ರಲ್ಲಿ ಸೇವೆಗೆ ಬಂತು. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಇಟಲಿಯ ಹತ್ತಿರ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋದ ತಜ್ಞರು ಒಂದು ಇಡೀ ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ನೀರಿನ ಒತ್ತಡ ಏರಿಸಿ ಇಳಿಸಿ, ವರ್ಷಗಟ್ಟಲೆಯ ಹಾರಾಟವನ್ನು ವಾರಗಳಲ್ಲಿ ಮಾಡಿಸಿದರು. ಕಿಟಕಿಯಂಥ ತೆರಪಿನ ಮೂಲೆಯಿಂದ ಬಿರುಕು ಹೊರಟು ಮೈ ಸೀಳಿತು. ಗಾಳಿಯ ಬದಲು ನೀರೇಕೆ? ನೀರು ಹಿಗ್ಗುವುದಿಲ್ಲ, ಆದ್ದರಿಂದ ಒಡೆದಾಗ ಸ್ಫೋಟವಾಗದೆ ಬಿರುಕು ಎಲ್ಲಿ ಹುಟ್ಟಿತೆಂದು ನೋಡಲು ಸಿಗುತ್ತದೆ. ಹಳೆಯ ವಿಮಾನದ ಆಯುಷ್ಯವನ್ನು ವರ್ಷಗಳಲ್ಲಿ ಮಾತ್ರವಲ್ಲ, ಇಂಥ ಸೈಕಲ್‌ಗಳ ಲೆಕ್ಕದಲ್ಲೂ ಅಳೆಯುವುದು ಈ ಕಾರಣಕ್ಕೆ. 1988ರಲ್ಲಿ ಹವಾಯಿಯಲ್ಲಿ ಛಾವಣಿ ಹಾರಿಹೋದ ಅಲೋಹಾ ಏರ್‌ಲೈನ್ಸ್‌ನ 737 ಅಷ್ಟರಲ್ಲಿ 89 ಸಾವಿರಕ್ಕೂ ಹೆಚ್ಚು ಹಾರಾಟ ಮುಗಿಸಿತ್ತು.

ಮೈಯನ್ನು ಕಾಪಾಡಲು ಎರಡು ಬಗೆಯ ವಾಲ್ವ್‌ಗಳಿರುತ್ತವೆ. ಒಳಗಿನ ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆದು ಗಾಳಿಯನ್ನು ಹೊರಬಿಡುತ್ತದೆ, ಪ್ರೆಶರ್ ಕುಕ್ಕರಿನ ಹಾಗೆ. ಹೊರಗಿನ ಒತ್ತಡವೇ ಹೆಚ್ಚಾದರೆ ನೆಗೆಟಿವ್ ರಿಲೀಫ್ ವಾಲ್ವ್ ಗಾಳಿಯನ್ನು ಒಳಬಿಡುತ್ತದೆ. ವಿಮಾನದ ಮೈ ಉಬ್ಬುವುದನ್ನು ತಾಳುತ್ತದೆ, ಅಪ್ಪಚ್ಚಿಯಾಗುವುದನ್ನಲ್ಲ.

ಕಿವಿಯ ಮಾತು

ಕ್ಯಾಬಿನ್ ಎಷ್ಟು ವೇಗವಾಗಿ ಏರಬೇಕು, ಇಳಿಯಬೇಕು ಎಂಬುದನ್ನು ನಿರ್ಧರಿಸುವುದು ನಮ್ಮ ಕಿವಿ. ಸಾಮಾನ್ಯವಾಗಿ ಏರುವಾಗ ನಿಮಿಷಕ್ಕೆ 500 ಅಡಿ, ಇಳಿಯುವಾಗ 300 ಅಡಿಯ ಸುತ್ತಮುತ್ತ. ಮಧ್ಯಕಿವಿಯಿಂದ ಗಂಟಲಿಗೆ ಹೋಗುವ ಯೂಸ್ಟೇಶಿಯನ್ ನಾಳದಲ್ಲಿ ಗಾಳಿ ಹೊರಬರುವುದು ಸುಲಭ, ಒಳಹೋಗುವುದು ಕಷ್ಟ. ಏರುವಾಗ ಬಾಯ್ಲ್‌ನ ನಿಯಮದಂತೆ ಕಿವಿಯೊಳಗಿನ ಗಾಳಿ ಹಿಗ್ಗಿ ತಾನೇ ಹೊರಬೀಳುತ್ತದೆ. ಇಳಿಯುವಾಗ ನಾವು ನುಂಗಬೇಕು, ಆಕಳಿಸಬೇಕು. ಮಕ್ಕಳು ವಿಮಾನ ಇಳಿಯುವಾಗಲೇ ಅಳುವುದೇಕೆಂದು ಈಗ ತಿಳಿಯಿತಲ್ಲ. ನೆಗಡಿಯಾಗಿರುವ ಪೈಲಟ್ ಹಾರಬಾರದು ಎಂಬುದಕ್ಕೂ ಇದೇ ಕಾರಣ.

ಹೆನ್ರಿಯ ನಿಯಮವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಒತ್ತಡ ಕಡಿಮೆಯಾದಾಗ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿ ತೆರೆದಂತೆ. ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಅದೇ ದಿನ ವಿಮಾನ ಹತ್ತಬಾರದು ಎನ್ನುವುದು ಇದಕ್ಕೇ.

ಹೀಲಿಯೋಸ್ 522

2005ರ ಆಗಸ್ಟ್ 14ರ ಬೆಳಿಗ್ಗೆ ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್ ಕಡೆಗೆ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ಹೊರಟಿತು. ಸಿಬ್ಬಂದಿ ಸೇರಿ 121 ಜನ. ಹೊರಡುವ ಮುನ್ನ ಎಂಜಿನಿಯರುಗಳು ಹಿಂದಿನ ಬಾಗಿಲಿನ ಬಳಿ ಗಾಳಿ ಸೋರಿಕೆ ಇದೆಯೇ ಎಂದು ಪರೀಕ್ಷಿಸಿದ್ದರು. ಅದಕ್ಕಾಗಿ ಪ್ರೆಶರೈಸೇಶನ್ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿದ್ದರು. ಅದು ಹಾಗೆಯೇ ಉಳಿಯಿತು. ಹೊರಡುವ ಮೊದಲು ಓದಬೇಕಾದ ಚೆಕ್‌ಲಿಸ್ಟ್‌ಗಳಲ್ಲಿ ಪೈಲಟ್‌ಗಳ ಕಣ್ಣಿಗೆ ಅದು ಬೀಳಲಿಲ್ಲ. ಔಟ್‌ಫ್ಲೋ ವಾಲ್ವ್ ತೆರೆದೇ ಇತ್ತು. ಟ್ಯಾಂಕಿನ ನಲ್ಲಿ ಮುಚ್ಚುವವರೇ ಇಲ್ಲ.

ಸುಮಾರು 12,000 ಅಡಿ ದಾಟುವಾಗ ಎಚ್ಚರಿಕೆಯ ಹಾರ್ನ್ ಕೂಗಿತು. ಕ್ಯಾಬಿನ್ 10,000 ಅಡಿ ದಾಟಿದೆ ಎಂದು ಅದರ ಅರ್ಥ. ಆದರೆ ಆ ವಿಮಾನದಲ್ಲಿ ಟೇಕಾಫ್‌ಗೆ ಸಿದ್ಧತೆ ಸರಿಯಿಲ್ಲ ಎಂದು ನೆಲದಲ್ಲಿ ಕೂಗುವ ಹಾರ್ನಿನ ಸದ್ದೂ ಅದೇ. ಪೈಲಟ್‌ಗಳು ಎರಡನೆಯದೆಂದೇ ತಿಳಿದರು. ಉಪಕರಣಗಳನ್ನು ತಂಪಾಗಿಡುವ ವ್ಯವಸ್ಥೆಯ ಎಚ್ಚರಿಕೆ ದೀಪವೂ ಹೊತ್ತಿತು. ತೆಳುಗಾಳಿಯಿಂದ ಬಂದ ತೊಂದರೆ ಅದು, ಅವರಿಗೆ ಬೇರೆಯೇ ಕಂಡಿತು. ಕಂಪನಿಯ ಎಂಜಿನಿಯರ್ ಜೊತೆ ರೇಡಿಯೋದಲ್ಲಿ ಮಾತಾಡುತ್ತಾ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂದು ಕೇಳುತ್ತಿದ್ದಂತೆಯೇ ಮಾತು ನಿಂತಿತು. ವಿಮಾನ ಏರುತ್ತಲೇ ಇತ್ತು. ಹಿಂದೆ ಪ್ರಯಾಣಿಕರ ಮುಂದೆ ಮಾಸ್ಕ್‌ಗಳು ಬಿದ್ದಿದ್ದವು. ಮುಂದೆ ಕಾಕ್‌ಪಿಟ್‌ನಲ್ಲಿ, ಕೈಗೆಟಕುವ ದೂರದಲ್ಲಿ ಮಾಸ್ಕ್ ಇದ್ದವರು ಅದನ್ನು ಹಾಕಿಕೊಳ್ಳಲಿಲ್ಲ.

ಆಟೋಪೈಲಟ್ 34,000 ಅಡಿಗೆ ಏರಿಸಿ ಅಥೆನ್ಸ್‌ವರೆಗೆ ಕರೆದೊಯ್ದು ಅಲ್ಲೇ ಸುತ್ತತೊಡಗಿತು. ಗ್ರೀಸ್‌ನ ಎರಡು ಎಫ್-16 ಯುದ್ಧವಿಮಾನಗಳು ಹತ್ತಿರ ಹೋಗಿ ನೋಡಿದಾಗ ಕ್ಯಾಪ್ಟನ್ನರ ಕುರ್ಚಿ ಖಾಲಿ, ಸಹಪೈಲಟ್ ಕುಸಿದು ಬಿದ್ದಿದ್ದರು. ಕೊನೆಯಲ್ಲಿ ಒಬ್ಬ ವ್ಯಕ್ತಿ ಕಾಕ್‌ಪಿಟ್ ಪ್ರವೇಶಿಸಿದ್ದು ಕಂಡಿತು. ಪೈಲಟ್ ತರಬೇತಿ ಪಡೆದಿದ್ದ ಕ್ಯಾಬಿನ್ ಸಿಬ್ಬಂದಿ ಆತ. ಅಷ್ಟರಲ್ಲಿ ಇಂಧನ ಮುಗಿಯಿತು. ಒಂದರ ಹಿಂದೊಂದು ಎಂಜಿನ್ ನಿಂತು ಗ್ರಮ್ಮಾಟಿಕೋ ಎಂಬ ಊರಿನ ಬಳಿ ಗುಡ್ಡಕ್ಕೆ ಬಿತ್ತು. ಯಾರೂ ಉಳಿಯಲಿಲ್ಲ.

ಮುಂದೆ 737ಗಳಲ್ಲಿ ಈ ಎರಡು ಎಚ್ಚರಿಕೆಗಳಿಗೂ ಬೇರೆಬೇರೆ ದೀಪ ಅಳವಡಿಸುವಂತೆ ಆದೇಶವಾಯಿತು. ಆದರೂ ಸ್ವಿಚ್ಚು ಸ್ವಿಚ್ಚೇ. 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್‌ನ 737ರಲ್ಲಿ ಬ್ಲೀಡ್ ಸ್ವಿಚ್‌ಗಳನ್ನು ಹಾಕಿರಲಿಲ್ಲ. ಟ್ಯಾಂಕಿನ ಮೇಲಿನ ಪೈಪೇ ಬಂದ್. ಹಲವರ ಕಿವಿ, ಮೂಗಿನಿಂದ ರಕ್ತ ಬಂತು. ಇಲ್ಲಿ ವಿಮಾನ ಮುಂಬೈಗೆ ಮರಳಿತು, ಎಲ್ಲರೂ ಬದುಕಿದರು.

ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ತುರ್ತು ಕ್ರಮದ ಸಾಲುಗಳನ್ನು ಓದಿ. ಮೊದಲ ಸಾಲು ಯಾವಾಗಲೂ “ಆಕ್ಸಿಜನ್ ಮಾಸ್ಕ್ ಧರಿಸು”. ಕಾರಣ ಹುಡುಕುವುದು, ರೇಡಿಯೋ ಮಾತು, ಎಲ್ಲವೂ ಆಮೇಲೆ. ನಂತರ 10,000 ಅಡಿಗೆ, ಕೆಳಗೆ ಬೆಟ್ಟಗಳಿದ್ದರೆ ಅಲ್ಲಿನ ಸುರಕ್ಷಿತ ಎತ್ತರಕ್ಕೆ, ವೇಗವಾಗಿ ಇಳಿಯಬೇಕು. ಪ್ರಯಾಣಿಕರ ಮಾಸ್ಕ್ ಕ್ಯಾಬಿನ್ 14,000 ಅಡಿ ಮುಟ್ಟಿದಾಗ ಬೀಳುತ್ತದೆ. ಅನೇಕ ವಿಮಾನಗಳಲ್ಲಿ ಅದರ ಆಮ್ಲಜನಕ ರಾಸಾಯನಿಕ ಕ್ರಿಯೆಯಿಂದ ಹುಟ್ಟುವಂಥದ್ದು, ಸುಮಾರು 12 ನಿಮಿಷ ಬರುತ್ತದೆ. ಇಷ್ಟೇ ಸಾಕೇ ಎಂದರೆ, ನಿಮಿಷಕ್ಕೆ 5,000 ಅಡಿಯಂತೆ ಇಳಿದರೂ 35,000ದಿಂದ 10,000ಕ್ಕೆ 5 ನಿಮಿಷ ಸಾಕು.

ಮಾಡಿ ನೋಡಿ

1. ವಿಮಾನ 36,000 ಅಡಿಯಿಂದ ಸಮುದ್ರಮಟ್ಟದ ನಿಲ್ದಾಣಕ್ಕೆ ನಿಮಿಷಕ್ಕೆ 1,500 ಅಡಿಯಂತೆ ಇಳಿಯುತ್ತಿದೆ. ಕ್ಯಾಬಿನ್ ಆಲ್ಟಿಟ್ಯೂಡ್ 7,200 ಅಡಿ. ಎರಡೂ ಒಟ್ಟಿಗೆ ನೆಲ ಮುಟ್ಟಬೇಕಾದರೆ ಕ್ಯಾಬಿನ್ ಯಾವ ವೇಗದಲ್ಲಿ ಇಳಿಯಬೇಕು?

2. ಹಾರಾಟದಲ್ಲಿ ಔಟ್‌ಫ್ಲೋ ವಾಲ್ವ್ ಪೂರ್ತಿ ಮುಚ್ಚಿ ಸಿಕ್ಕಿಕೊಂಡರೆ ಏನಾಗುತ್ತದೆ?

3. ಕ್ಯಾಬಿನ್ ಆಲ್ಟಿಟ್ಯೂಡ್ 8,000 ಅಡಿಯಲ್ಲೇ ಸ್ಥಿರವಾಗಿದೆ, ವಿಮಾನ ಏರುತ್ತಿದೆ. ಡಿಫರೆನ್ಷಿಯಲ್ ಪ್ರೆಶರ್ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

ಮೊದಲನೆಯದಕ್ಕೆ ಇಳಿಯಲು ಹಿಡಿಯುವ ಸಮಯ 24 ನಿಮಿಷ, 7,200ನ್ನು 24ರಿಂದ ಭಾಗಿಸಿದರೆ ನಿಮಿಷಕ್ಕೆ 300 ಅಡಿ. ಎರಡನೆಯದರಲ್ಲಿ ಒತ್ತಡ ಏರುತ್ತಾ ಹೋಗಿ ಕೊನೆಗೆ ಸೇಫ್ಟಿ ವಾಲ್ವ್ ತೆರೆಯುತ್ತದೆ. ಮೂರನೆಯದರಲ್ಲಿ ಒಳಗಿನದು ಅಷ್ಟೇ ಇದ್ದು ಹೊರಗಿನದು ಇಳಿಯುವುದರಿಂದ ವ್ಯತ್ಯಾಸ ಹೆಚ್ಚುತ್ತದೆ. ಇದನ್ನು ಕಡಿಮೆ ಎಂದು ಬರೆದವರು ಆ 35,000 ಅಡಿಯ ಲೆಕ್ಕವನ್ನು ಪೆನ್ನು ಹಿಡಿದು ಇನ್ನೊಮ್ಮೆ ಮಾಡಿ. ಆಗಲೂ ಬಿಡಿಸದಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಭೌತಶಾಸ್ತ್ರ ವಿಭಾಗಕ್ಕೆ ಬನ್ನಿ.